ಗುಡಿಸಲಿಗೊಂದು ಹೊಸ್ತಿಲು

ಟಿಕೋಟಾದ ಹೊಲದಲ್ಲಿ ಅದು ಗುಡಿಸಲು. ಬೆಳೆ ಕಾಯಲೆಂದು ಜೋಳದ ಕಣಿಕೆ ಹೊದಿಸಿ ಕಟ್ಟಿದ್ದು. ಅದರಲ್ಲಿ ಮಲಗಿದರೆ ಯಾರೂ ನಮ್ಮನ್ನು ಕೀಳಾಗಿ ಕಾಣುತ್ತಿರಲಿಲ್ಲ, ಊರೊಳಗೆ ನಮ್ಮದೊಂದು ಮಣ್ಣಿನ ಮಾಳಿಗೆಯ ಮನೆ ಇತ್ತಲ್ಲ. ಅರವತ್ತರ ದಶಕದ ಆರಂಭದ ಒಂದು ಮಳೆಗಾಲದಲ್ಲಿ ಆ ಮಾಳಿಗೆ ಕುಸಿಯಿತು. ಅಪ್ಪ ವಿಜಾಪುರಕ್ಕೆ ಬಂದು ಹತ್ತಿ ಗಿರಣಿಯಲ್ಲಿ ಕೂಲಿಗೆ ಸೇರಿದ; ಊರಾಚೆ ಅಂಥದ್ದೇ ಕಣಿಕೆಯಿಂದ ಅಂಥದ್ದೇ ಒಂದು ಗುಡಿಸಲು ಕಟ್ಟಿದ. ಶಹರದವರು ಅದನ್ನು ಜೋಪಡಿ ಎಂದರು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವ್ವನ ಲೆಕ್ಕವೇ ಬೇರೆ. ಹೊಸ್ತಿಲಿದ್ದರೆ ಮನೆ, ಇಲ್ಲದಿದ್ದರೆ ಬರೀ ನೆರಳು. ಬೆಳಗ್ಗೆ ಎದ್ದು ಅರಿಸಿನ-ಕುಂಕುಮ ಹಚ್ಚಲು ಜಾಗವಿಲ್ಲವೆಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಬಬಲೇಶ್ವರದಿಂದ ನನ್ನನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಹುಡುಗನನ್ನು ಬಳಗದ ಮದುವೆಯೊಂದರಲ್ಲಿ ಕಂಡಿದ್ದೆ, ಮನಸ್ಸಿಗೆ ಬಂದಿದ್ದ. ಈ ಸಂಬಂಧ ಕೂಡಿಬರಲೆಂದು ಒಳಗೊಳಗೇ ಒದ್ದಾಡುತ್ತಿದ್ದೆ. ಆದರೆ ನಡುವಿನವನು ಅವರಿಗೆ, "ಶಹರದಾಗ ಸ್ವಂತ ಮನಿ ಐತ್ರಿ" ಎಂದುಬಿಟ್ಟಿದ್ದ.

ಅಪ್ಪ ಟಿಕೋಟಾಕ್ಕೆ ಹೋಗಿ ಬಿದ್ದ ಮನೆಯ ಬೇವಿನ ಹೊಸ್ತಿಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಗುಡಿಸಲಿನ ಬಾಯಲ್ಲಿ ನೆಲ ಅಗೆದು ಹೂಳಿದ. ಅವ್ವ ಅದನ್ನು ತೊಳೆದು ಪೂಜೆ ಮಾಡಿದಳು. ದಣಿದ ನಾನು ಅದರ ಮೇಲೆ ಕೂತಿದ್ದೇ ತಡ, ಗದರಿಸಿದಳು.

"ಏಳು, ಏಳು! ಹೊಸ್ತಿಲ ಮ್ಯಾಲ ಕುಂಡ್ರತಾರೇನ ಯಾರರೆ? ಮನಿಗೆ ಒಳ್ಳೇದಲ್ಲ."

ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ 'ಮನಿ' ಎಂಬ ಮಾತು ಕೇಳಿದೆ. ಬೈಸಿಕೊಂಡರೂ ಖುಷಿಯಾಯಿತು.

ಅವರು ಬಂದರು. ಹುಡುಗನ ಅಜ್ಜಿ ಒಳಗೆ ಬರುವ ಮುನ್ನ ಹೊಸ್ತಿಲು ಮುಟ್ಟಿ ನಮಸ್ಕರಿಸಲು ಬಗ್ಗಿದಳು. ಕೈ ಊರಿದ ಕೂಡಲೇ ಮರ ಅಲುಗಾಡಿತು. ಮುದುಕಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಚೌಕಟ್ಟ ಎಲ್ಲೈತ್ರಿ? ಮೊದಲ ಚೌಕಟ್ಟ ನಿಲ್ಲಿಸಿ ಆಮ್ಯಾಲ ಗ್ವಾಡಿ ಏರಸ್ತಾರ. ಇದು ಬರೇ ಹುಗದ ಕಟಗಿ. ಹೊಸ್ತಿಲ ಅಲ್ಲರಿ ಇದು."

ಅಪ್ಪ ತಲೆ ಎತ್ತಲಿಲ್ಲ. ಅವ್ವ ಮಾಡಿಟ್ಟಿದ್ದ ಚುರುಮುರಿ ಸುಸಲಾ ಯಾರೂ ಮುಟ್ಟಲಿಲ್ಲ. ಹುಡುಗ ಒಮ್ಮೆ ನನ್ನತ್ತ ನೋಡಿ ಅಜ್ಜಿಯ ಹಿಂದೆ ಹೊರಟುಹೋದ.

ಸಂಜೆ ಅಪ್ಪ ಹಾರೆ ತಂದು ಅದನ್ನು ಕೀಳಲು ನಿಂತ. ಅವ್ವ ಬಂದವಳೇ ಅದರ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿ ಕೈ ತಟ್ಟಿ ನನ್ನನ್ನು ಕರೆದಳು.

"ಬಾ, ನೀನೂ ಕುಂಡ್ರು. ಹೊಸ್ತಿಲ ಅಲ್ಲಂತ ಇದು."

ನನಗೆ ಅಳು ಬಂತು. ಆದರೂ ಅದರ ಮೇಲೆ ಕೂರಲು ನನ್ನಿಂದ ಆಗಲಿಲ್ಲ.