ರೊಟ್ಟಿಯ ಮೇಲಿನ ಗುಲಾಬಿ ಪುಡಿ

ಇವತ್ತು ಬೆಳಿಗ್ಗೆ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು: ಕುಂದುಕೊರತೆಗಳನ್ನು ಯಾರೂ ಗುಂಪಾಗಿ ಚರ್ಚಿಸಬಾರದು. ಲಿಂಗಸುಗೂರಿನ ನಮ್ಮ ಆಫೀಸಿನಲ್ಲಿ ಹೆಂಗಸರ ಶೌಚಾಲಯಕ್ಕೆ ನೀರು ಬರುತ್ತಿಲ್ಲವೆಂದು ನಾವು ಗುಸುಗುಸು ಮಾಡಿದ್ದು ಮೇಲಿನವರ ಕಿವಿಗೆ ಬಿದ್ದಿರಬೇಕು. ಎಲ್ಲರಂತೆ ನಾನೂ ಹೆಬ್ಬೆರಳಿನ ಚಿತ್ರ ಒತ್ತಿದೆ. ಒತ್ತಿದ ಮೇಲೆ ಯಾಕೋ ಶಂಕ್ರಮ್ಮ ನೆನಪಾದಳು.

ವರ್ಷಗಳ ಹಿಂದೆ ನಾನು ಸಿಂಧನೂರಿನ ಬೀಜದ ಕಂಪನಿಯೊಂದರಲ್ಲಿ ಗುಮಾಸ್ತೆ. ಮುಕ್ಕುಂದದಿಂದ ಟಂಟಂ ಆಟೋದಲ್ಲಿ ಬಂದು ಬೀಜ ಹಸನು ಮಾಡುತ್ತಿದ್ದ ಹೆಂಗಸರಲ್ಲಿ ಶಂಕ್ರಮ್ಮ ಒಬ್ಬಳು. ಬಾಯಿ ಜೋರು, ನಗು ಇನ್ನೂ ಜೋರು. ಬೀಜಕ್ಕೆ ಹುಳ ಹತ್ತದಂತೆ ವಿಷದ ಗುಲಾಬಿ ಪುಡಿ ಹಚ್ಚುವ ಯಂತ್ರದ ಪಕ್ಕದಲ್ಲೇ ಅವರು ಉಣ್ಣಬೇಕಿತ್ತು. ಜಾಗ ಬದಲಿಸಿ ಎಂದು ಕೇಳಿದ ಒಬ್ಬಳನ್ನು ಮರುದಿನ ಗೇಟಿನಿಂದಲೇ ವಾಪಸು ಕಳಿಸಿದ್ದರು. ಇಲ್ಲಿ ಸಂಘ-ಗಿಂಘ ನಡೆಯುವುದಿಲ್ಲ ಎನ್ನುತ್ತಿದ್ದ ಮ್ಯಾನೇಜರ್ ಸಾಹೇಬರು ಕೆಟ್ಟ ಮನುಷ್ಯರೇನಲ್ಲ, ಮೇಲಿನವರಿಗೆ ಅಂಜುತ್ತಿದ್ದರು. ನಾನೋ, ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಯಂತ್ರವನ್ನು ದಾಟುತ್ತಿದ್ದ ಧೀರೆ!

ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬೇಕು. ಉಣ್ಣುವಾಗ ಯಾರೇ ಹಾದುಹೋಗಲಿ, ಕರೆಯಲೇಬೇಕು. ಕರೆಸಿಕೊಂಡವರು ‘ಆಗೇತ್ರಿ, ನೀವು ಉಣ್ರಿ’ ಎಂದು ಮುಂದೆ ಹೋಗಬಹುದು. ಎರಡನೆಯ ಸಲ ಕರೆದರೆ ಮಾತ್ರ ಕೂಡಲೇಬೇಕು, ಇಲ್ಲದಿದ್ದರೆ ಅನ್ನಕ್ಕೇ ಅವಮಾನ ಮಾಡಿದಂತೆ.

ಒಂದು ಮಧ್ಯಾಹ್ನ ಸಾಹೇಬರು ಆ ಕಡೆ ಬಂದರು. ಶಂಕ್ರಮ್ಮ ಕರೆದಳು. ಆಗಿದೆ ಎಂದರು. ಅವಳು ಖಾಲಿ ಚೀಲ ಹಾಸಿ ಮತ್ತೆ ಕರೆದಳು. ಸಾಹೇಬರು ಇಸ್ತ್ರಿ ಪ್ಯಾಂಟಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಅವಳು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟಳು. ಅವರು ಮುರಿಯುವಷ್ಟರಲ್ಲಿ ಬಿಳಿ ರೊಟ್ಟಿಯ ಅಂಚಿಗೆಲ್ಲ ಗುಲಾಬಿ ಪುಡಿ ಕೂತಿತ್ತು. ಸಾಹೇಬರ ಕೈ ನಿಂತಿತು.

“ಆ ಬಣ್ಣ ನಾವು ಹಚ್ಚಿಲ್ರೀ ಸಾಹೇಬ್ರ,” ಎಂದಳು ಶಂಕ್ರಮ್ಮ, ದನಿ ಏರಿಸದೆ.

“ಮೊದ್ಲ ಯಾಕ ಹೇಳಲಿಲ್ಲವ್ವಾ?”

“ಹೇಳಿದಾಕಿ ಮನ್ಯಾಗ ಕುಂತಾಳ್ರಿ. ನನಗ ಮನ್ಯಾಗ ಕುಂತ್ರ ನಡೆಯಂಗಿಲ್ಲ.”

ಅವಳ ಕೆಲಸ ಹೋಯಿತೆಂದೇ ನಾನು ಅಂದುಕೊಂಡಿದ್ದೆ. ಮರುದಿನ ಅವಳು ಎಂದಿನಂತೆ ಒಳಗೆ ಬಂದಳು. ಊಟದ ಜಾಗ ಗೋದಾಮಿನ ಆಚೆ ಬದಿಗೆ, ಬೇವಿನ ನೆರಳಿಗೆ ಹೋಯಿತು. ಕೆಲವು ದಿನಗಳಲ್ಲಿ ಗೇಟಿನಿಂದ ಮರಳಿ ಹೋಗಿದ್ದವಳೂ ಅದೇ ಟಂಟಂನಿಂದ ಇಳಿದಳು. ನನಗೆ ಆದ ಸಂತೋಷ ಹೇಳತೀರದು.

ಇದನ್ನೆಲ್ಲ ನೆನೆಯುತ್ತಾ ಕೂತಿದ್ದಾಗ ನಮ್ಮ ಬಾಸ್ ನಾವೆಲ್ಲ ಕೂರುವ ಕೋಣೆಗೆ ಬಂದರು. ಎಲ್ಲರ ಮುಂದೆ ನೀರಿನ ಮಾತು ಎತ್ತಿಯೇಬಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಇದು ನಿಮ್ಮೊಬ್ಬರ ತೊಂದರೆಯೋ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಸುಜಾತಾ ಎದ್ದು ನಿಂತಳು. ಆಮೇಲೆ ಅವಳ ಪಕ್ಕದವಳು.