ಬಳೆ ಹೆಚ್ಚಿದ ವರ್ಷ

ಆ ಸಭೆಯಲ್ಲಿ ಅವ್ವ ಎದ್ದು ನಿಂತಾಗ ಎಡಗೈಯಲ್ಲಿ ಸೆರಗು ಹಿಡಿದಿದ್ದಳು ಅಂತ ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಅವಳ ಎರಡೂ ಕೈ ಖಾಲಿ. ದಿನಚರಿ ಅದೇ ಸಂಜೆ ಬರೆದದ್ದು. ನೆನಪು ಆಮೇಲೆ ತಿಂಗಳುಗಟ್ಟಲೆ ತಿಕ್ಕಿ ತಿಕ್ಕಿ ಇಟ್ಟುಕೊಂಡದ್ದು. ಯಾವುದನ್ನು ನಂಬಲಿ? ಅವಳು ಆಡಿದ ಮಾತಿನ ಬಗ್ಗೆ ಮಾತ್ರ ಎರಡರಲ್ಲೂ ತಕರಾರಿಲ್ಲ. "ಹೆಚ್ಚ್ಯಾವ್ರಿ" ಅಂದಳು. ಆ ಮಾತಿಗೆ ಅವಳು ಕೂತು ಮಾರುವ ಜಗಾ ಹೋಯಿತು.

ಅವ್ವ ಬಳೆ ಮಾರುವವಳು. ಊರಿನ ಹೆಸರು ಬರೆಯುವುದಿಲ್ಲ. ಬಸ್ ನಿಲ್ದಾಣದಿಂದ ಬಜಾರಕ್ಕೆ ತಿರುಗುವ ಮೂಲೆಯಲ್ಲಿ, ಬೇವಿನ ಗಿಡದ ಬುಡದಲ್ಲಿ ಅವಳು ಕೂರುತ್ತಿದ್ದಳು. ಶಹಾಪುರದ ಬಸ್ಸು, ಸುರಪುರದ ಬಸ್ಸು, ಯಾದಗಿರಿಯ ಬಸ್ಸು, ಎಲ್ಲವೂ ಅವಳ ಮುಂದೆಯೇ ಹಾಯಬೇಕು. ದೋರನಹಳ್ಳಿ ಕಡೆಯ ಹೆಣ್ಣುಮಕ್ಕಳು ತವರಿಗೆ ಹೊರಟಾಗ, ಕುರಿ ಸಾಕುವ ಮನೆಯವರು ಮದುವೆ ಬಟ್ಟೆಗೆ ಬಂದಾಗ, ಸೈದಾಪುರದ ಕಡೆ ಫ್ಯಾಕ್ಟರಿಗೆ ಹೋಗುವ ಹುಡುಗಿಯರು ಪಗಾರ ಆದ ದಿನ, ಬಸ್ಸು ಬರುವಷ್ಟರಲ್ಲಿ ಅವಳೆದುರು ಕುಕ್ಕರಗಾಲಲ್ಲಿ ಕೂತು ಕೈ ಚಾಚುತ್ತಿದ್ದರು. ಬಳೆ ಮಾರುವುದು ಅಂದರೆ ಕೈ ಹಿಡಿಯುವುದು. ಅವ್ವ ಆ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಳ್ಳುವಳು. ಹೆಬ್ಬೆರಳಿನ ಬುಡವನ್ನು ಒಳಕ್ಕೆ ಮಡಚಿ ಒತ್ತುವಳು. "ಗಂಡ ಏನಂತಾನಬೇ, ಛಲೋ ನೋಡ್ಕೋತಾನೋ ಇಲ್ಲೋ?" ಅನ್ನುವಳು. ಅವರು ನಕ್ಕರೆ ಸಾಕು, ಕೈ ಸಡಿಲಾಗುತ್ತಿತ್ತು, ಬಳೆ ಏರಿಬಿಡುತ್ತಿತ್ತು.

ನಮ್ಮ ಮನೆಯಲ್ಲಿ ಬಳೆ ಒಡೆಯುವುದಿಲ್ಲ. ಒಡೆದರೂ ಹಾಗೆ ಅನ್ನುವಂತಿಲ್ಲ, 'ಹೆಚ್ಚಿತು' ಅನ್ನಬೇಕು. ಬಳೆ ಒಡೆಯುವ ಮಾತು ಗಂಡ ಸತ್ತವಳ ಅಂಗಳದ ಮಾತು. ಈ ರೂಢಿ ಬೇಕಾದಷ್ಟು ಮನೆಗಳಲ್ಲಿದೆ. ಆದರೆ ಬಳೆ ಮಾರುವವರ ಬಾಯಲ್ಲಿ ಅದು ರೂಢಿಯಲ್ಲ, ಕಸುಬು. ಕೈಗೆ ಏರಿಸುವಾಗ ಬಳೆ ಚಟ್ಟನೆ ಸಿಡಿದು ರಕ್ತ ಬಂದರೂ ಅವ್ವ "ಹೆಚ್ಚಿತು ತಗೋ, ಛಲೋ ಆತು" ಅಂದು ಇನ್ನೊಂದು ತೆಗೆಯುವಳು. ನಾನು ಕಲಬುರಗಿಯಲ್ಲಿ ಅರ್ಥಶಾಸ್ತ್ರ ಓದಿ, ಈಗ ಯಾದಗಿರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಕ್ಲಾಸಿನಲ್ಲಿ ಬೆಳವಣಿಗೆ, ಹೆಚ್ಚಳ ಅಂತ ಹಲಗೆಯ ಮೇಲೆ ಬರೆಯುವಾಗ ಅವ್ವನ 'ಹೆಚ್ಚಿತು' ನನಗೆ ಎಂದೂ ನೆನಪಾಗಿರಲಿಲ್ಲ. ಅಥವಾ ಆಗಿತ್ತೇನೋ, ಈಗ ನೆನಪಿಲ್ಲ.

ಪಟ್ಟಣದ ಆಡಳಿತದವರು ಬಜಾರದ ಹೊಸ ಯೋಜನೆಯ ಮೊದಲ ಸಭೆ ಕರೆದಾಗ ಅವ್ವನ ಜೊತೆ ನಾನೇ ಹೋಗಿದ್ದೆ. ವೇದಿಕೆಯ ಹಿಂದೆ ಬ್ಯಾನರು: 'ಎಲ್ಲರನ್ನೂ ಒಳಗೊಂಡ ಆರ್ಥಿಕ ಬೆಳವಣಿಗೆ'. ಅವ್ವನ ಪಕ್ಕದಲ್ಲಿ ಹೂವು ಮಾರುವ ಹೆಂಗಸನ್ನು ನಾನು ಚಿಗವ್ವ ಅನ್ನುತ್ತೇನೆ. ಅವಳು ಕೇಳಿದಳು, "ಏನ್ ಬರದಾರಬೇ ಅದರಾಗ?"

"ಎಲ್ಲರನ್ನೂ ಒಳಗ ತಗೋತಾರಂತ ಚಿಗವ್ವಾ."

"ಯವ್ವಾ! ಒಳಗ ಹಾಕಾಕ ನಾವೇನ್ ತುಡುಗು ಮಾಡೀವಿ?"

ಸುತ್ತಲಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ಘೋಷಣೆಯನ್ನು ನಾನು ನಂಬಿದ್ದೆ ಅನ್ನುವುದನ್ನು ಬರೆದಿಡಬೇಕು. ದೊಡ್ಡ ಊರುಗಳ ಯೋಜನೆಗಳಲ್ಲಿ ಬೀದಿ ಬದಿಯವರನ್ನು ಎತ್ತಿ ಒಗೆಯುತ್ತಾರೆ. ಇಲ್ಲಿ ಕರೆದು ಕುರ್ಚಿ ಹಾಕಿ ಚಹಾ ಕೊಟ್ಟಿದ್ದರು. ಆಡಳಿತದ ಅಧ್ಯಕ್ಷರು ನಮ್ಮ ಓಣಿಯ ಆಚೆಯವರೇ. ಅವರ ಅಕ್ಕ-ತಂಗಿಯರಿಗೆ ಬಳೆ ಇಟ್ಟವಳು ಅವ್ವ. "ಬಿಸಲಾಗ ಕುಂತ ನಮ್ಮ ತಾಯಂದ್ರಿಗಿ ತಲಿ ಮ್ಯಾಲ ಸೂರು ಆಗಬೇಕು" ಅಂದಾಗ ಅವರ ದನಿ ನಡುಗಿದಂತಿತ್ತು. ಅದು ನಾಟಕ ಅಂತ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಬಜಾರದ ಹೊಸ ಕಟ್ಟಡದಲ್ಲಿ ಬೀದಿ ಬದಿಯವರಿಗೆಲ್ಲ ಮೇಲಿನ ಮಹಡಿ. ಕೆಲವು ತಿಂಗಳು ನೋಡುವುದು, ವ್ಯಾಪಾರ ಛಲೋ ನಡೆದರೆ ಅದನ್ನೇ ಕಾಯಂ ಮಾಡುವುದು, ಇಲ್ಲವಾದರೆ ಮೊದಲಿನ ಜಗಾಕ್ಕೆ ವಾಪಸ್ಸು. ಇದಕ್ಕಿಂತ ನ್ಯಾಯವಾದ ಮಾತು ಯಾವುದು?

ಅಂಗಡಿ ಚೆಂದವೇ ಇತ್ತು. ಬಣ್ಣ ಬಳಿದ ಶಟರ್, ಫ್ಯಾನು, ಮುಂದೆ ಎದೆಯೆತ್ತರದ ಸಿಮೆಂಟಿನ ಕಟ್ಟೆ. ಆ ಕಟ್ಟೆಯ ಆಚೆ ಗಿರಾಕಿ, ಈಚೆ ಅವ್ವ, ಇಬ್ಬರೂ ನಿಂತೇ ಇರಬೇಕು. ಕೈಗೆ ಮೊಣಕಾಲಿನ ಆಸರೆ ಇಲ್ಲ. ನಿಂತ ಹೆಣ್ಣುಮಗಳ ಕೈ ಬಿಗಿಯಾಗಿಯೇ ಇರುತ್ತದೆ, ಎಷ್ಟು ನಗಿಸಿದರೂ ಸಡಿಲಾಗುವುದಿಲ್ಲ. ಬಳೆ ಸಿಡಿಯತೊಡಗಿದವು. ಮುಂಜಾನೆ ಪೆಟ್ಟಿಗೆ ಹೊತ್ತು ಮೆಟ್ಟಿಲು ಏರುವಾಗ ಒಂದಿಷ್ಟು, ಸಂಜೆ ಇಳಿಸುವಾಗ ಒಂದಿಷ್ಟು. ರಾತ್ರಿ ಮೇಲೆ ಬಿಟ್ಟು ಬರೋಣವೆಂದರೆ ಶಟರಿನ ಕೀಲಿ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕಿಂತ ದೊಡ್ಡದು, ಬಸ್ಸಿಗೆ ಕಾಯುವವರು ಮೇಲೆ ಏರಲಿಲ್ಲ. ರಂಗಂಪೇಟೆಗೆ ಮಗಳನ್ನು ಕೊಟ್ಟ ಹೆಂಗಸೊಬ್ಬಳು ಕೆಳಗೆ ನಿಂತು ಕೂಗಿದ್ದು ನೆನಪಿದೆ: "ಬಳಿಗಾರವ್ವಾ, ತೆಳಗ ಬಾಬೇ! ಬಸ್ಸು ಹೋತಂದ್ರ ನೀ ಹೊತ್ಗೊಂಡ್ ಹೋಗ್ತೀಯೇನ್ ನನ್ನ?" ಅವ್ವ ಬಳೆಯ ಸರ ಹಿಡಿದು ಇಳಿಯುವಷ್ಟರಲ್ಲಿ ಬಸ್ಸು ಬಂದಿತ್ತು.

ಮನೆಯಲ್ಲಿ ಅವ್ವ ಮಾತು ಕಡಿಮೆ ಮಾಡಿದಳು. ಊಟಕ್ಕೆ ಕೂತಾಗ ಎಡಗೈ ಹೆಬ್ಬೆರಳಿನಿಂದ ಬಲಗೈ ಹೆಬ್ಬೆರಳಿನ ಬುಡವನ್ನು ಒತ್ತುತ್ತಲೇ ಇರುವಳು, ಯಾರದೋ ಕೈ ಅನ್ನುವಂತೆ. ಇದ್ದದ್ದು ಒಂದೇ ಆಸೆ, ಆ ಕೆಲವು ತಿಂಗಳು ಮುಗಿದ ಮೇಲೆ ಕೇಳಲು ಬರುತ್ತಾರೆ, ಆಗ ಹೇಳಿದರಾಯಿತು.

ಕೇಳಲು ಬಂದವರು ಯೋಜನೆ ತಯಾರಿಸಲು ಮೈಸೂರು ಕಡೆಯಿಂದ ಬಂದಿದ್ದ ತರುಣ ಸಾಹೇಬರು. ನಾನು ಅಲ್ಲಿರಲಿಲ್ಲ. ಚಿಗವ್ವ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವಳು ಪ್ರತಿ ಸಲ ಸ್ವಲ್ಪ ಬೇರೆಯಾಗಿ ಹೇಳುತ್ತಾಳೆ.

"ಇಲ್ಲಿಗೆ ಬಂದ್ಮೇಲೆ ಹೇಗಿದೆ ಅಮ್ಮಾ?"

"ಏನ್ ಹೇಳ್ಲಿರಿ ಸಾಹೇಬ್ರ. ಹೆಚ್ಚ್ಯಾವ್ರಿ."

"ಓ, ಹೆಚ್ಚಾಗಿದೆಯಾ? ತುಂಬಾನಾ?"

"ಭಾಳ ಹೆಚ್ಚ್ಯಾವ್ರಿ. ದಿನಾ ಹೆಚ್ಚತಾವ."

ಸಾಹೇಬರು ಖುಷಿಯಿಂದ ಅವ್ವನ ಫೋಟೋ ತೆಗೆದರಂತೆ. ಇಷ್ಟು ಆಸ್ಥೆಯಿಂದ ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ಅವ್ವ ನಕ್ಕಳಂತೆ.

ಇನ್ನು ಆ ಸಭೆ. ಅದೇ ಸಭಾಂಗಣ, ಅದೇ ಬ್ಯಾನರು. ಪರದೆಯ ಮೇಲೆ ಅವ್ವನ ಮುಖ ಮೂಡಿತು, ಗೋಡೆಯಷ್ಟು ದೊಡ್ಡದು. ಕೆಳಗೆ ಸಾಲು: 'ನನ್ನ ವ್ಯಾಪಾರ ದಿನಾ ಹೆಚ್ಚುತ್ತಿದೆ'. ಜನ ಚಪ್ಪಾಳೆ ತಟ್ಟಿದರು. ಅವ್ವನಿಗೆ ಓದು ಬಾರದು. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು, "ನೋಡಿದ್ಯಾ, ಕೇಳ್ಯಾರ" ಅಂದಳು. ತನ್ನ ದೂರು ಇವರಿಗೆ ಮುಟ್ಟಿದೆ, ಅದನ್ನೇ ಎಲ್ಲರಿಗೂ ತೋರಿಸುತ್ತಿದ್ದಾರೆ ಅಂದುಕೊಂಡಿದ್ದಳು.

ಅಧ್ಯಕ್ಷರು ಮೈಕಿನಲ್ಲಿ ಕೇಳಿದರು, "ಏನವ್ವಾ, ಹೆಚ್ಚ್ಯಾವ ಅಂತ ಹೇಳೀಯಂತಲ್ಲ. ಖರೇನು?"

ಅವ್ವ ಎದ್ದಳು. "ಖರೇ ಅದರಿ. ಭಾಳ ಹೆಚ್ಚ್ಯಾವ್ರಿ. ನೀವು ಹಿರೇರು, ಏನರ ಮಾಡ್ರಿ."

"ಮಾಡ್ತೀವವ್ವಾ. ಇವತ್ತೇ ಕಾಯಂ ಮಾಡ್ತೀವಿ."

ಮತ್ತೆ ಚಪ್ಪಾಳೆ. ಅವ್ವ ಕೈ ಮುಗಿದಳು. ಹಾಗಾದರೆ ಅವಳ ಕೈಯಲ್ಲಿ ಸೆರಗು ಇರಲಿಲ್ಲ. ದಿನಚರಿ ತಪ್ಪಿರಬೇಕು.

ನಾನು ಅವಳ ಸೀರೆ ಜಗ್ಗಿದೆ. "ಅವ್ವಾ, ಅವ್ರು ಬ್ಯಾರೆ ತಿಳ್ಕೊಂಡಾರ. ವ್ಯಾಪಾರ ಛಲೋ ಆಗ್ಯಾದ ಅಂತ ತಿಳ್ಕೊಂಡಾರ. ಒಡದಾವ ಅನ್ನು. ಒಂದೇ ಸಲ ಅನ್ನು."

ಅವಳು ನನ್ನ ಕಡೆ ತಿರುಗಿದ ರೀತಿಯಿಂದ, ಅವಳಿಗೆ ಆ ಕ್ಷಣದಲ್ಲೇ ಎಲ್ಲವೂ ತಿಳಿಯಿತು ಅನಿಸುತ್ತದೆ. ಮುಂದಿನ ಸಾಲಿನಲ್ಲಿ ಸದಸ್ಯೆಯೊಬ್ಬರ ಸೊಸೆ, ತುಂಬಿದ ಬಸುರಿ, ಮೊಣಕೈವರೆಗೆ ಹಸಿರು ಬಳೆ. ಅವ್ವನೇ ಇಟ್ಟ ಬಳೆ. ಅವ್ವ ಆ ಕೈಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಹೆಣ್ಣಮಕ್ಕಳು ಕುಂತಾರ" ಅಂದಳು ಮೆಲ್ಲಗೆ.

ಆಗ ನಾನು ಎದ್ದು ನಿಂತು ಪುಸ್ತಕದ ಕನ್ನಡದಲ್ಲಿ ಹೇಳಿದೆ: "ಬಳೆಗಳು ಒಡೆದಿವೆ. ಹೆಚ್ಚಾಗಿಲ್ಲ, ಒಡೆದಿವೆ. ವ್ಯಾಪಾರವೇ ಇಲ್ಲ."

ಮುಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಎಳೆದು ಮುಂಗೈ ಮುಚ್ಚಿಕೊಂಡರು. ಬಸುರಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. ಯಾರೋ ಅಂದರು, "ಎಂಥಾ ಬಾಯಿಬೇ ಇದು, ಬಳಿಗಾರಾಕಿ ಮಗಳಾಗಿ!"

ಅಧ್ಯಕ್ಷರು ಅವ್ವನನ್ನೇ ನೋಡುತ್ತಿದ್ದರು. "ಹೌದೇನವ್ವಾ? ಮಗಳು ಅಂದಂಗ ಆಗ್ಯಾವೇನು?"

'ಹೌದ್ರಿ' ಅಂದರೆ ಮುಗಿಯುತ್ತಿತ್ತು. ಬೇವಿನ ಗಿಡದ ಬುಡ ಅವಳದಾಗುತ್ತಿತ್ತು.

"ಇಲ್ರಿ" ಅಂದಳು ಅವ್ವ. ಸಭೆಗೆಲ್ಲ ಕೇಳುವಂತೆ ಅಂದಳು. "ಮಗಳಿಗಿ ತಿಳಿಯಂಗಿಲ್ರಿ. ಒಡದಿಲ್ಲ. ನನ್ನ ಕೈಯಾಗಿಂದು ಯಾವ ಬಳಿನೂ ಒಡದಿಲ್ಲ. ಹೆಚ್ಚ್ಯಾವ."

ಮೇಲಿನ ಮಹಡಿಯೇ ಕಾಯಂ ಅನ್ನುವ ಠರಾವು ಪಾಸಾಯಿತು.

ಹೊರಗೆ ಬಂದ ಮೇಲೆ ನಾನು ರಸ್ತೆಯಲ್ಲೇ ಅತ್ತೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದೆ. ಅವಳು ಸಿಟ್ಟಾಗಲಿಲ್ಲ.

"ಆ ಮಾತು ನನ್ನ ಬಾಯಾಗ ಬಂತಂದ್ರ, ನಾಳಿ ಯಾರ್ ನನ್ನ ಕೈಯಾಗ ಕೈ ಕೊಡ್ತಾರವ್ವ? ಜಗಾ ಸಿಕ್ಕು ಏನ್ ಮಾಡ್ಲಿ?"

ವಾರ ಬಿಟ್ಟು ಅಧ್ಯಕ್ಷರ ಮನೆಗೆ ಹೋದೆ. ಎಲ್ಲ ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು, "ಗೊತ್ತದವ್ವಾ. ನಾನೂ ಇದೇ ಊರಾಗ ಹುಟ್ಟಿದಾಂವ. ಹೆಚ್ಚೂದು ಅಂದ್ರ ಏನಂತ ನನಗ ತಿಳಿಯಂಗಿಲ್ಲೇನು?"

"ಮತ್ತ ಯಾಕ್ರಿ?"

"ಮೊದಲ ಖುಷಿಯಾಗ ನನಗೂ ಹೊಳೀಲಿಲ್ಲ. ನೀ ಎದ್ದಾಗ ಹೊಳೀತು. ಅದಕ್ಕೇ ಆಕಿನ್ನ ಕೇಳಿದೆ. ಸಭಾದಾಗ ಆಕಿನೇ ಇಲ್ಲ ಅಂದ್ಲು. ನಾ ಏನ್ ಬರಸ್ಲಿ? ಈಗ ಠರಾವು ಮ್ಯಾಲಿನ ಅಧಿಕಾರಿಗಳಿಗಿ ಹೋಗ್ಯಾದ. ನಮ್ಮ ಊರು ನೋಡಿ ಬ್ಯಾರೆ ಊರಾಗೂ ಹಿಂಗೇ ಮಾಡ್ತಾರಂತ." ಆಮೇಲೆ ಅವರು ನನ್ನ ಮುಖ ನೋಡಲಿಲ್ಲ. ಅಥವಾ ನೋಡಿದ್ದರೂ ನೋಡಲಿಲ್ಲವೆಂದೇ ಇಟ್ಟುಕೊಳ್ಳಬೇಕು ಅಂತ ನನಗೆ ಅನಿಸಿರಬಹುದು. ಅವರ ಹೆಂಡತಿ ಚಹಾ ತಂದಿಟ್ಟು, ನನ್ನನ್ನು ಕಂಡದ್ದೇ ಕೈ ಸೆರಗಿನೊಳಗೆ ಎಳೆದುಕೊಂಡದ್ದಂತೂ ಖರೆ.

ಬೇವಿನ ಗಿಡದ ಬುಡದಲ್ಲಿ ಈಗ ಮೋಟರ್‌ಸೈಕಲ್ ನಿಲ್ಲುತ್ತವೆ. ಅವ್ವ ಮತ್ತಷ್ಟು ದಿನ ಮೆಟ್ಟಿಲು ಏರಿದಳು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕಟ್ಟೆಯ ಹಿಂದೆ ನೆಲದ ಮೇಲೆ ಕೂತಿರುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಅಂಗಡಿ ಖಾಲಿ ಅನಿಸಬೇಕು. ಕೆಳಗೆ ರಸ್ತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರಲು ಹೋದಾಗ, ನಿನಗೆ ಮೇಲೆ ಕೊಟ್ಟಿದೆಯಲ್ಲ ಅಂತ ಎಬ್ಬಿಸಿದರು. ಎಬ್ಬಿಸಿದವರೂ ಗೌರವದಿಂದಲೇ ಎಬ್ಬಿಸಿದರು. ಪೆಟ್ಟಿಗೆಯನ್ನು ಅವರೇ ಎತ್ತಿಕೊಟ್ಟರು.

ಒಂದು ದಿನ ನಾನು ಯಾದಗಿರಿಯಿಂದ ಬಸ್ಸಿಳಿದಾಗ ಅವಳು ಹೊತ್ತಿಗೆ ಮುಂಚೆಯೇ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಪೆಟ್ಟಿಗೆ ತಲೆಯ ಮೇಲಿತ್ತು. ಹೂವು ಕಟ್ಟುತ್ತಿದ್ದ ಚಿಗವ್ವ ಮೇಲಿನಿಂದ ಬಗ್ಗಿ ಕೇಳಿದಳು, "ಯಾಕಬೇ, ಇಷ್ಟ ಲಗೂ ಇಳದಿ?"

ಅವ್ವ ಕತ್ತು ಎತ್ತಲಿಲ್ಲ. ತಲೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಅಂದಳು, "ಅಂಗಡಿ ಹೆಚ್ಚಿತವ್ವಾ."

ಚಿಗವ್ವ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ನಾನು ಪೆಟ್ಟಿಗೆ ತಗೊಳ್ಳಲು ಕೈ ಚಾಚಿದೆ. ಅವ್ವ ಕೊಡಲಿಲ್ಲ, ಮುಂದೆ ನಡೆದಳು. ಒಳಗೆ ಚೂರುಗಳು ಸದ್ದು ಮಾಡುತ್ತಿದ್ದವು.