ಅತ್ತೆ ಒತ್ತಿದ ಗುಂಡಿ

ವಯಸ್ಸಾದ ಬೆರಳಿಗೆ ಹಿಡಿತ ಕಡಿಮೆ. ಇದನ್ನು ತಿಳಿಯಲು ಯಾರೂ ಕಂಪನಿ ಕಟ್ಟಬೇಕಿಲ್ಲ. ಬಿಗಿಯಾದ ಡಬ್ಬಿಯೊಂದನ್ನು ಅಜ್ಜಿಯ ಕೈಗಿತ್ತು ಎದುರು ಕೂತರೆ ಸಾಕು. ಆದರೆ ಕೂರುವುದಕ್ಕೆ ಯಾರಿಗೆ ಪುರುಸೊತ್ತು?

ದುಂಡಣ್ಣನಿಗಂತೂ ಇರಲಿಲ್ಲ. ದುಂಡಣ್ಣ ಎಂಬುದು ಆಫೀಸಿನವರು ಇಟ್ಟ ಹೆಸರು. ಅವನು ಹೊಸ ಕಂಪನಿಯೊಂದರಲ್ಲಿ ವಸ್ತುಗಳ ರೂಪ ತಿದ್ದುವ ಡಿಸೈನರ್. ಮೂಲೆ ಕಂಡರೆ ಉಜ್ಜಿ ದುಂಡಗೆ ಮಾಡದೆ ನಿದ್ದೆ ಬಾರದು. ಮನೆಯ ಊಟದ ಮೇಜನ್ನೂ ಬಿಡಲಿಲ್ಲ. ಹೆಂಡತಿ ಒಂದು ದಿನ ರೇಗಿ, "ರೀ, ನನ್ನ ಮೊಣಕೈನೂ ಚೂಪಾಗಿದೆ, ಅದನ್ನೂ ಉಜ್ಜಿಬಿಡಿ" ಎಂದಿದ್ದಳು.

ಕಂಪನಿ ಎಂದರೆ ಹಳೆಯ ಕಟ್ಟಡದ ಎರಡು ಕೋಣೆ. ಒಂದರಲ್ಲಿ ಕರಗಿದ ಪ್ಲಾಸ್ಟಿಕ್ಕಿನ ವಾಸನೆ, ಇನ್ನೊಂದರಲ್ಲಿ ಯಜಮಾನನ ಭಾಷಣ. ಅಲ್ಲಿ ಹುಟ್ಟಿದ್ದು ಮಾತ್ರೆ ಡಬ್ಬಿ. ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಮುಚ್ಚಳ ತೆಗೆದು, ಮಾತ್ರೆ ನುಂಗಿ, 'ಆಯ್ತು' ಎಂಬ ಗುಂಡಿ ಒತ್ತಿದರೆ ಸುಮ್ಮನಾಗಿ ಮಕ್ಕಳ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಅದರ ಮುಚ್ಚಳವನ್ನು ದುಂಡಣ್ಣ ನದಿಯ ಕಲ್ಲಿನಷ್ಟು ನುಣ್ಣಗೆ ಮಾಡಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು.

ಪರೀಕ್ಷೆಗೆಂದು ಸಿಬ್ಬಂದಿಯೆಲ್ಲ ಒಂದೊಂದು ಡಬ್ಬಿಯನ್ನು ಮನೆಯ ಹಿರಿಯರಿಗೆ ಒಯ್ದರು. ಯಜಮಾನನೂ ತನ್ನ ತಾಯಿಗೆ ಒಂದು ಕಳಿಸಿದ. ದುಂಡಣ್ಣ ತಂದದ್ದು ಜೊತೆಗಿದ್ದ ಅತ್ತೆಗೆ. ರಕ್ತದೊತ್ತಡದ ಮಾತ್ರೆಗಳನ್ನು ತಾನೇ ತುಂಬಿ ಕೈಗಿಟ್ಟ.

"ಹೇಗಿದೆ ಅತ್ತೆ?"

"ಚಿನ್ನದಂಥಾ ಡಬ್ಬಿ! ನೀವು ಮಾಡಿದ್ದು ಅಂದ್ಮೇಲೆ ಕೇಳ್ಬೇಕಾ!"

ಈ ಅತ್ತೆ ಮಗಳು ಮಾಡಿದ ಅಡುಗೆಗೆ ಒಂದು ದಿನವೂ ಪೂರ್ತಿ ಅಂಕ ಕೊಟ್ಟವರಲ್ಲ. ಆದರೆ ಅಳಿಯನ ಕೆಲಸಕ್ಕೆ ಕುಂದು ಹೇಳುವುದುಂಟೇ? ಮೊಬೈಲಿನಲ್ಲಿ ದಿನವೂ ಹಸಿರು ಚುಕ್ಕೆ ಮೂಡಿತು. ಎಲ್ಲರ ಮನೆಯಿಂದಲೂ ಹಸಿರೇ. ಯಜಮಾನ ಕುಣಿದಾಡಿ, ಸಾವಿರಗಟ್ಟಲೆ ಡಬ್ಬಿ ಎರಕ ಹೊಯ್ಯಲು ಕಾರ್ಖಾನೆಗೆ ಹೇಳಿಬಿಟ್ಟ.

ಆ ವಾರವೇ ಅತ್ತೆ ಅಡುಗೆಮನೆಯಲ್ಲಿ ತಲೆ ಸುತ್ತಿ ಕುಸಿದರು. ಒತ್ತಡ ಏರಿತ್ತು. ಡಾಕ್ಟರು, "ಮಾತ್ರೆ ತಪ್ಪಿಸಿದ್ರಾ?" ಎಂದು ಗದರಿದರು. ದುಂಡಣ್ಣ ಎದೆಯುಬ್ಬಿಸಿ ಹಸಿರು ಚುಕ್ಕೆ ತೋರಿಸಿದ. ಮನೆಗೆ ಬಂದು ಡಬ್ಬಿ ತೆರೆದರೆ ಮಾತ್ರೆಗಳು ಹಾಕಿದ್ದು ಹಾಕಿದ ಹಾಗೇ ಮಲಗಿದ್ದವು.

"ಅತ್ತೆ, ಇದೇನಿದು?"

"ಮುಚ್ಚಳದ ಮೇಲೆ ಬೆರಳು ಜಾರುತ್ತಪ್ಪ. ಡಬ್ಬಿ ಬೇರೆ ಬಾಯಿ ಬಡ್ಕೊಳ್ಳುತ್ತೆ. ಗುಂಡಿ ಒತ್ತಿದ್ರೆ ಸುಮ್ಮನಾಗುತ್ತೆ, ಒತ್ತಿಬಿಡ್ತಿದ್ದೆ."

"ನನಗೆ ಹೇಳ್ಬಾರ್ದಿತ್ತಾ?"

"ಅಳಿಯಂದ್ರು ಮಾಡಿದ್ದನ್ನ ಕೆಟ್ಟದು ಅನ್ನೋಕಾಗುತ್ತಾ?"

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಅಮ್ಮ, ಜೀವ ಹೋದ್ರೂ ಪರ್ವಾಗಿಲ್ಲ, ಮರ್ಯಾದೆ ಹೋಗ್ಬಾರ್ದು ಅಲ್ವಾ? ನಾನು ಮಾಡಿದ್ರೆ ಮೊದಲನೇ ದಿನವೇ ಮುಖಕ್ಕೆ ಎಸೀತಿದ್ದೆ ನೀನು!"

ಮರುದಿನ ದುಂಡಣ್ಣ ಯಜಮಾನನ ಮುಂದೆ ನಿಂತು, ಎರಕ ನಿಲ್ಲಿಸಿ ಎಂದ. ಯಜಮಾನ ನಕ್ಕ. "ನಿಮ್ಮತ್ತೆ ಒಬ್ಬರೇ ತಾನೇ? ಮಿಕ್ಕವರೆಲ್ಲ ಚೆನ್ನಾಗಿದೆ ಅಂದಿದ್ದಾರಲ್ಲ."

"ಮಿಕ್ಕವರು ಯಾರು ಸರ್? ಎಲ್ಲಾ ನಮ್ಮ ನಮ್ಮ ಅಪ್ಪ ಅಮ್ಮಂದಿರು. ನಿಮ್ಮ ತಾಯಿಗೇ ಫೋನ್ ಮಾಡಿ. ಚೆನ್ನಾಗಿದೆಯಾ ಅಂತ ಮಾತ್ರ ಕೇಳ್ಬೇಡಿ. ಮುಚ್ಚಳ ಯಾರು ತೆಗೀತಾರೆ ಅಂತ ಕೇಳಿ."

ಯಜಮಾನ ಸವಾಲೆಂದು ತಿಳಿದು, ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿಯೇ ಕೇಳಿದ. ಫೋನಿನಿಂದ ತಾಯಿಯ ಮಾತು ಕೋಣೆಯೆಲ್ಲ ತುಂಬಿತು: "ಪಕ್ಕದ ಮನೆಯವರು ಬಂದ ದಿನ ತೆಗೆಸ್ಕೊಳ್ತೀನಿ ಕಂದಾ. ಬಾರದಿದ್ರೆ ಮಾತ್ರೆ ಇಲ್ಲ. ಗುಂಡಿ ಮಾತ್ರ ತಪ್ಪದೆ ಒತ್ತುತ್ತೀನಿ, ನಿನಗೆ ಅದು ಇಷ್ಟ ಅಲ್ವಾ!"

ಭಾಷಣಕ್ಕೆ ಹೆಸರಾದವನು ಭಾಷಣ ಬಿಟ್ಟು ನೇರ ಕಾರ್ಖಾನೆಗೆ ಫೋನ್ ಮಾಡಿದ. ಎರಕ ನಿಂತಿತು. ದುಂಡಣ್ಣ ಆ ಸಂಜೆ ಮೊದಲ ಸಲ ಅತ್ತೆಯ ಎದುರು ನೆಲದ ಮೇಲೆ ಕೂತು, ತುಟಿ ಬಿಚ್ಚದೆ, ಆ ಗಂಟುಬಿದ್ದ ಬೆರಳುಗಳನ್ನೇ ನೋಡಿದ. "ಹಾಗೆ ದುರುಗುಟ್ಟಬೇಡಿ, ನಾಚಿಕೆ ಆಗುತ್ತೆ" ಎಂದು ಅತ್ತೆ ಬೈದರು. ಅಳಿಯನಿಗೆ ಅವರಿಂದ ಸಿಕ್ಕ ಮೊದಲ ಬೈಗುಳ ಅದು. ಅವನಿಗೆ ಬಹುಮಾನ ಬಂದಷ್ಟು ಸಂತೋಷವಾಯಿತು.

ದುಂಡಣ್ಣನನ್ನು ನೋಡಿ ನಕ್ಕಿರಲ್ಲ, ನಿಮ್ಮ ಮನೆಯ ಹಿರಿಯರ ಕೈಗೆ ನೀವು ತಂದುಕೊಟ್ಟ ಫೋನು, ಯಂತ್ರ, ಡಬ್ಬಿ ಏನೇನಿವೆ? "ಚೆನ್ನಾಗಿದೆಯಾ" ಎಂದು ಕೇಳಿ ಕೈತೊಳೆದುಕೊಳ್ಳಬೇಡಿ. ಈ ಪತ್ರಿಕೆ ಮಡಿಸಿಡಿ. ಎದ್ದು ಹೋಗಿ ಅವರೆದುರು ಕೂರಿ. ಬಾಯಿ ಮುಚ್ಚಿಕೊಂಡು ನೋಡಿ.